ಬಾಗುವ ಕೋಲು

ಯಂಕಂಚಿಯಿಂದ ಉತ್ತರಕ್ಕೆ ಹೊರಟರೆ ಭೀಮೆ, ದಕ್ಷಿಣಕ್ಕೆ ಹೊರಟರೆ ಕೃಷ್ಣೆ. ನಡುವೆ ಡೋಣಿ ಹೊಳೆ, ಕೆರೆ, ಕಾಲುವೆ. ಈ ಸೀಮೆಯಲ್ಲಿ ಫ್ಲೈ, ಅಂದರೆ ಕೃತಕ ನೊಣ, ಹಾಕಿ ಮೀನು ಹಿಡಿಯಲು ಯಾವ ರಾಡ್ ತರಲಿ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಏಳು ಅಡಿಯ, ನಾಲ್ಕನೇ ತೂಕದ ಫೈಬರ್‌ಗ್ಲಾಸ್, ಅಂದರೆ ಗಾಜಿನ ನಾರಿನ, ರಾಡ್. ಸಿದ್ಧವಾದದ್ದು ಬೇಡ. ಬರಿ ಕೋಲು, ಅಂದರೆ ಬ್ಲ್ಯಾಂಕ್, ತರಿಸಿ ನೀವೇ ಕಟ್ಟಿ.

ಎರೆಹುಳು ಚುಚ್ಚಿದ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಕೋಳಿಗರಿ, ನೂಲು ಸುತ್ತಿದ ಫ್ಲೈಗೆ ಅಂಥ ಭಾರವಿಲ್ಲ. ಇಲ್ಲಿ ಭಾರ ದಾರದ್ದೇ. ನಾಲ್ಕನೇ ತೂಕದ ದಾರವೆಂದರೆ ಮೊದಲ 30 ಅಡಿ ಸುಮಾರು 7.8 ಗ್ರಾಂ ತೂಗಬೇಕು. ಆದರೆ ನಮ್ಮ ಹಳ್ಳಗಳಲ್ಲಿ ನೊಣ ಹಿಡಿಯಲು ಮೇಲೇಳುವ ಸಣ್ಣ ಬೆಳ್ಳಿ ಮೀನುಗಳು ಇರುವುದು ದಂಡೆಯ ಪಕ್ಕದಲ್ಲೇ, ಜಾಲಿಯ ನೆರಳಲ್ಲಿ. ಹದಿನೈದು ಅಡಿ ದಾರ ಬಿಟ್ಟರೆ ಆ 7.8 ಗ್ರಾಂನಲ್ಲಿ ಹೆಚ್ಚೆಂದರೆ ಅರ್ಧವಷ್ಟೇ ಕೋಲಿನ ತುದಿಗೆ ಸಿಗುತ್ತದೆ. ಕಾರ್ಬನ್ ನಾರಿನ ಬಿಗುವು ಗಾಜಿನ ನಾರಿನ ಮೂರು ಪಟ್ಟು. ಇಷ್ಟು ಕಡಿಮೆ ಭಾರಕ್ಕೆ ಕಾರ್ಬನ್ ಕೋಲು ಮಣಿಯದು. ಗಾಜು ಹಿಡಿಕೆಯವರೆಗೂ ಬಾಗುತ್ತದೆ, ನಿಧಾನ ಮರಳುತ್ತದೆ, ಗೇಣುದ್ದದ ಮೀನಿನ ಜಗ್ಗಾಟವನ್ನೂ ಅಂಗೈಗೆ ಮುಟ್ಟಿಸುತ್ತದೆ. ಆಲಮಟ್ಟಿ ಹಿನ್ನೀರಿನ ಬಯಲುಗಾಳಿಗೆ ಎದುರಾಗಿ ದೂರ ಎಸೆಯುವವರಿಗೆ ಮಾತ್ರ ಕಾರ್ಬನ್ನೇ ಸರಿ.

ಗಾಜಿನ ಕೋಲು ಹುಟ್ಟಿದ್ದು ಎರಡನೇ ಮಹಾಯುದ್ಧದ ಕೊರತೆಯಲ್ಲಿ. ಅಮೆರಿಕದ ಆರ್ಥರ್ ಹೊವಾಲ್ಡ್ ಎಂಬ ಪ್ಲಾಸ್ಟಿಕ್ ತಜ್ಞರ ಬಿದಿರು ರಾಡಿನ ತುದಿ ಮುರಿಯಿತು. ಚೀನಾದ ಬಿದಿರು ಬರುವುದು ನಿಂತಿತ್ತು. ಅವರು ಗಾಜಿನ ನಾರು, ರಾಳ ಸೇರಿಸಿ ಹೊಸ ತುದಿ ಮಾಡಿಕೊಂಡರು. ಶೇಕ್ಸ್‌ಪಿಯರ್ ಕಂಪನಿ ಅದನ್ನು ‘ವಂಡರ್‌ರಾಡ್’ ಎಂದು ಮಾರಿತು. ಎಪ್ಪತ್ತರ ದಶಕದಲ್ಲಿ ಕಾರ್ಬನ್ ಬಂದು ಗಾಜನ್ನು ಮೂಲೆಗೆ ತಳ್ಳಿತು. ವೇಗವೇ ಗುಣವೆಂದು ನಂಬಿಸಿದ ಕಾಲ ಅದು, ನಾನು ಒಪ್ಪುವುದಿಲ್ಲ.

ಕಟ್ಟುವ ಕೆಲಸದಲ್ಲಿ ಮೊದಲು ಕೋಲಿನ ಬೆನ್ನು ಹುಡುಕಬೇಕು. ಗಾಜಿನ ಬಟ್ಟೆಯನ್ನು ಉಕ್ಕಿನ ಸರಳಿಗೆ ಸುತ್ತಿ, ಬೇಯಿಸಿ, ಸರಳನ್ನು ಎಳೆದು ತೆಗೆದ ಪೊಳ್ಳು ಕೊಳವೆ ಇದು. ಬಟ್ಟೆಯ ಅಂಚು ಒಂದರ ಮೇಲೊಂದು ಬಂದ ಕಡೆ ಬಿಗುವು ಹೆಚ್ಚು. ಬುಡವನ್ನು ಮೇಜಿಗೆ ಊರಿ, ತುದಿ ಒತ್ತಿ ಹೊರಳಿಸಿದರೆ ಕೋಲು ತಾನೇ ಒಂದು ಮಗ್ಗುಲಿಗೆ ಜಿಗಿದು ನಿಲ್ಲುತ್ತದೆ. ಅಲ್ಲಿ ಗುರುತು ಹಾಕಿ, ಅದರ ನೇರಕ್ಕೆ ದಾರದ ಉಂಗುರಗಳನ್ನು ಕೂರಿಸಿ.

ಉಂಗುರ ಬಿಗಿಯಲು ನೈಲಾನ್ ನೂಲು ಸಾಕೆನ್ನುವವರಿದ್ದಾರೆ. ನಾನು ಇಳಕಲ್ಲಿನ ನೇಕಾರರಿಂದ ತಂದ ರೇಷ್ಮೆ ನೂಲನ್ನೇ ಸುತ್ತುತ್ತೇನೆ. ಬಿಳಿ ರೇಷ್ಮೆಯ ಮೇಲೆ ಎಪಾಕ್ಸಿ ರಾಳ ಬಿದ್ದೊಡನೆ ನೂಲು ಹೆಚ್ಚುಕಡಿಮೆ ಮಾಯವಾಗಿ, ಬಣ್ಣ ಹಚ್ಚದ ಗಾಜಿನ ಜೇನು ಹೊಳಪು ಅದರಡಿ ಕಾಣುತ್ತದೆ. ಕೆಂಪು ರೇಷ್ಮೆ ಗಾಢವಾಗಿ ದಾಳಿಂಬೆ ಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಯಲ್ಲಿ ಮಾತ್ರ ಎಪಾಕ್ಸಿ ಮುಟ್ಟಬೇಡಿ. ನಮ್ಮ 40 ಡಿಗ್ರಿಯಲ್ಲಿ ಅದು ಬಟ್ಟಲಲ್ಲೇ ಗಟ್ಟಿಯಾಗುತ್ತದೆ, ಎರೆಮಣ್ಣಿನ ಧೂಳು ಹಾರಿ ಬಂದು ಅಂಟುತ್ತದೆ. ಮಳೆ ಬಿದ್ದು ಧೂಳಡಗಿದ ರಾತ್ರಿ, ಕಿಟಕಿ ಮುಚ್ಚಿ, ಕೋಲನ್ನು ನಿಧಾನ ತಿರುಗಿಸುತ್ತಾ ತೆಳುವಾಗಿ ಹಚ್ಚಬೇಕು. ತಿರುಗಿಸುವುದು ನಿಂತರೆ ಕೆಳಮಗ್ಗುಲಲ್ಲಿ ಹನಿಗಟ್ಟುತ್ತದೆ.

ದೊಡ್ಡ ಮೀನಿನ ಕನಸಿರುವವರು ಕಾವೇರಿಯ ಮಾತು ತೆಗೆಯುತ್ತಾರೆ. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ 120 ಪೌಂಡಿನ ಮಹಶೀರ್ ಹಿಡಿದ ಕಥೆ ಗಾಳದವರಿಗೆಲ್ಲ ಗೊತ್ತು. ಆ ಡುಬ್ಬದ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. ಅದನ್ನು ಒತ್ತರಿಸಿದ ಕಾರಣಗಳಲ್ಲಿ ಒಂದು, ಲೋಣಾವಳದ ಮರಿಕೇಂದ್ರದಿಂದ ತಂದು ಕಾವೇರಿಗೆ ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಈ ಎರಡನೆಯದು ನಮ್ಮ ಹೊಳೆಯ ಮೂಲದ್ದು: 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಬಳಿಯ ಮುಳಾ-ಮುಠಾ ನದಿಯಿಂದ, ಆ ನೀರು ಹರಿದು ಸೇರುವುದು ಭೀಮೆಗೆ. ತನ್ನ ಹೊಳೆಯಲ್ಲಿ ಮನೆಮಗನಾದ ಮೀನು ಇನ್ನೊಂದು ಹೊಳೆಯಲ್ಲಿ ಕೇಡಾಯಿತು. ಇದು ಸ್ಪಷ್ಟವಾದದ್ದು ಕಾವೇರಿ ದಂಡೆಯ ಗಾಲಿಬೋರೆ ಶಿಬಿರದಲ್ಲಿ ಹಿಡಿದು ಬಿಟ್ಟ ಮೀನುಗಳ 1998ರಿಂದ 2012ರವರೆಗಿನ ದಾಖಲೆಯಿಂದ. ಬಲೆ ಬೀಸದ ಹವ್ಯಾಸಿಗಳ ವಹಿಯೇ ಸಂಶೋಧಕರಿಗೆ ಆಧಾರವಾಯಿತು.

ಭೀಮೆಗೂ ಅಂಥ ವಹಿ ಬೇಕು, ಅದಕ್ಕೆ ಸಣ್ಣ ಮೀನೂ ಸಲ್ಲುತ್ತದೆ. ಕೆರೆಯಾದರೆ ಗುತ್ತಿಗೆ ಹಿಡಿದ ಮೀನುಗಾರರ ಸಂಘದವರನ್ನು ಕೇಳಿಯೇ ದಂಡೆಗಿಳಿಯಿರಿ. ಯಾವ ಮೀನು ಎಲ್ಲಿ ಎಂಬುದೂ ಅವರಿಂದಲೇ ತಿಳಿಯುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ರಾಡ್ ಕಟ್ಟುವಾಗ ಹಿಡಿಕೆಯ ಮೇಲ್ತುದಿಯಿಂದ 6, 9, 12 ಇಂಚಿಗೆ ಒಂದೊಂದು ತೆಳು ರೇಷ್ಮೆ ಪಟ್ಟಿ ಸುತ್ತಿಡಿ. ಮೀನನ್ನು ನೀರಿನಿಂದ ಎತ್ತದೆ, ಕೋಲಿನ ಪಕ್ಕಕ್ಕೆ ತಂದು ಉದ್ದ ನೋಡಿ, ಬಿಟ್ಟು, ಬರೆದುಕೊಳ್ಳಬಹುದು.