ಗಾಡಿ ನಿಂತಾಗಲೇ ಜೋಪಾನ

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನಿಂದ ಸಕಲೇಶಪುರದ ಕಡೆ ಹೊರಟ ಕಾರುಗಳ ಹಿಂದಿನ ಕಿಟಕಿಯಲ್ಲಿ ಒಂದೆರಡಾದರೂ ನಾಯಿ ಮೂತಿ ಕಾಣುತ್ತವೆ. ಯಾರದೋ ಸುಪರ್ದಿಗೆ ಬಿಟ್ಟು ಹೋಗದೆ ಜತೆಗೇ ಕರೆದೊಯ್ಯುವವರು ಹೆಚ್ಚುತ್ತಿರುವುದು ನನಗಂತೂ ಖುಷಿಯ ಸಂಗತಿ. ಆದರೆ ಆ ಮೂತಿ ಕಿಟಕಿಯ ಒಳಗಿರಲಿ. ಹೆದ್ದಾರಿಯ ವೇಗದಲ್ಲಿ ಕಣ್ಣು ಕೆಡಿಸಲು ಮರಳಿನ ಒಂದು ಹರಳು ಸಾಕು.

ಕಾರಿನಲ್ಲಿ ನಾಯಿಯ ಜಾಗ ಹಿಂದಿನ ಸೀಟು. ಮುಂದೆ ತೊಡೆಯ ಮೇಲೆ ಕೂರಿಸಿಕೊಂಡರೆ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಮೊದಲ ಪೆಟ್ಟು ಅದಕ್ಕೇ. ಎದೆ ಬಳಸುವ ಹಾರ್ನೆಸ್ ತೊಡಿಸಿ, ಗಿಡ್ಡ ಪಟ್ಟಿಯಿಂದ ಸೀಟ್‌ಬೆಲ್ಟಿನ ಬಕಲ್‌ಗೆ ಸಿಕ್ಕಿಸಬೇಕು. ಕೊರಳಪಟ್ಟಿಗೆ ಮಾತ್ರ ಕಟ್ಟಬಾರದು, ಕುತ್ತಿಗೆ ಉಳಿಯುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದ ಕಾರು ಗುದ್ದಿ ನಿಂತರೆ, ಕಟ್ಟದ ನಾಯಿ ಮುಂದಕ್ಕೆ ಅಪ್ಪಳಿಸುವ ರಭಸ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟು. ಬೆಳೆದ ಲ್ಯಾಬ್ರಡಾರ್ 30 ಕೆ.ಜಿ. ತೂಗುತ್ತದೆ, ಮುಂದೆ ಕೂತವರೂ ಇದನ್ನು ನೆನಪಿಟ್ಟುಕೊಳ್ಳಲಿ.

ಇಷ್ಟನ್ನು ಈಗೀಗ ಹಲವರು ಪಾಲಿಸುತ್ತಾರೆ. ನನಗೆ ದಿಗಿಲು ಗಾಡಿ ನಿಂತಾಗಿನದು. ಬಕಲ್ ಬಿಚ್ಚಿದ ಸದ್ದು ಕೇಳಿದ್ದೇ ತಡ, ನಾಯಿಯ ಹಿಂಗಾಲಿನ ಸ್ನಾಯು ಬಿಗಿಯುತ್ತದೆ, ಕಿವಿ ಬಾಗಿಲ ಕಡೆ ತಿರುಗುತ್ತದೆ. ಆ ಗಳಿಗೆಯಲ್ಲಿ ಹಗ್ಗ ನಿಮ್ಮ ಕೈಯಲ್ಲಿಲ್ಲದಿದ್ದರೆ ಮುಂದಿನ ಜಿಗಿತ ಲಾರಿಗಳ ನಡುವೆಯೇ. ಮುಧೋಳ ನಾಯಿ ಸಾಕಿದವರಿಗೆ ಹೇಳಬೇಕಿಲ್ಲ. ಅದು ಓಟ ಕಿತ್ತರೆ ಹಿಡಿಯುವವರು ಯಾರು? ಹಗ್ಗ ಮೊದಲು, ಬಕಲ್ ಆಮೇಲೆ, ಬಾಗಿಲು ಕೊನೆಗೆ.

ಇನ್ನು ಚನ್ನರಾಯಪಟ್ಟಣದ ಹತ್ತಿರ ತಿಂಡಿಗೆ ನಿಲ್ಲಿಸಿ, ‘ಹತ್ತೇ ನಿಮಿಷ’ ಎಂದು ಗಾಜು ಎರಡು ಬೆರಳಷ್ಟು ಇಳಿಸಿ, ನಾಯಿಯನ್ನು ಒಳಗೇ ಬಿಟ್ಟು ಹೋಗುವುದು. ಇದನ್ನು ಕಂಡಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ಹೊರಗೆ 30 ಡಿಗ್ರಿ ಇದ್ದರೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಆ ಹತ್ತು ನಿಮಿಷದಲ್ಲೇ 40ರ ಆಸುಪಾಸು ಮುಟ್ಟುತ್ತದೆ. ಅರ್ಧ ಗಂಟೆಗೆ ಇನ್ನೂ ಏರುತ್ತದೆ. ಇಳಿಸಿದ ಗಾಜಿನಿಂದ ಹೇಳಿಕೊಳ್ಳುವಷ್ಟೇನೂ ತಣಿಯದು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು, ಸುತ್ತಲ ಗಾಳಿಯೇ ಕಾದಿದ್ದರೆ ಅದೂ ನಡೆಯದು. ಪಗ್, ಶಿಟ್ಜುವಿನಂಥ ಚಪ್ಪಟೆ ಮೂಗಿನವುಗಳ ಪಾಡು ಇನ್ನೂ ಕಷ್ಟ. ಒಬ್ಬರು ನೆರಳಲ್ಲಿ ನಾಯಿಯ ಜತೆ ನಿಲ್ಲಲಿ, ಸರದಿಯ ಮೇಲೆ ತಿನ್ನಲಿ. ಇಡ್ಲಿ ಆರಿದರೆ ಆರಲಿ.

ನಾಲಿಗೆ ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿತೆಂದರೆ ಬಿಸಿಲು ಹೊಡೆದಿದೆ ಎಂದೇ ತಿಳಿಯಿರಿ. ಹೊಟ್ಟೆ, ತೊಡೆಸಂದು, ಪಾದಗಳು ನೆನೆಯುವಂತೆ ತಣ್ಣೀರು ಸುರಿದು ಗಾಳಿ ಹಾಕಿ. ಮೊದಲು ತಂಪು ಮಾಡಿ, ಆಮೇಲೆ ಎಸಿ ಹಾಕಿಕೊಂಡು ಡಾಕ್ಟರ ಬಳಿ ಓಡಿ. ಈ ದಾರಿಯಲ್ಲಿ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಅಲ್ಲಿನ ಆಸ್ಪತ್ರೆಯ ಸಮಯ, ಫೋನ್ ನಂಬರು ಎರಡನ್ನೂ ಮನೆ ಬಿಡುವ ಮುನ್ನವೇ ವಿಚಾರಿಸಿ ಬರೆದಿಟ್ಟುಕೊಳ್ಳಿ.