ಬಣ್ಣದ ಚಕ್ರವೂ ಬಣ್ಣದ ವೇಷವೂ

2008ರಲ್ಲಿ ಕಣ್ಣೂರಿನಲ್ಲಿ ನಿಫ್ಟ್ ಸಂಸ್ಥೆ ತೆರೆದ ಮೇಲೆ ವಿನ್ಯಾಸ ಶಿಕ್ಷಣ ನಮ್ಮ ಗಡಿನಾಡಿನ ಮನೆಗಳಿಗೂ ಅಷ್ಟು ದೂರದ ವಿದ್ಯೆಯಾಗಿ ಉಳಿದಿಲ್ಲ. ಈ ವಿದ್ಯೆಯ ಮೊದಲ ಪಾಠ ಸಾಮಾನ್ಯವಾಗಿ ವರ್ಣಚಕ್ರ: ಕೆಂಪು, ಹಳದಿ, ನೀಲಿ ಎಂಬ ಮೂಲವರ್ಣಗಳು, ಅವುಗಳ ಬೆರಕೆಯಿಂದ ಕಿತ್ತಳೆ, ಹಸಿರು, ನೇರಳೆ, ನಡುವೆ ಇನ್ನಾರು; ಒಟ್ಟು ಹನ್ನೆರಡು. ಈ ಚಕ್ರವನ್ನು ಪ್ರಸಿದ್ಧಿಗೆ ತಂದವನು ಜರ್ಮನಿಯ ಬೌಹೌಸ್ ಶಾಲೆಯಲ್ಲಿ 1919ರಿಂದ 1923ರವರೆಗೆ ಕಲಿಸಿದ ಯೊಹಾನ್ನೆಸ್ ಇಟ್ಟೆನ್. ಅವನ ವರ್ಣಗ್ರಂಥ 1961ರಲ್ಲಿ ಬಂತು. ಅದೇ ಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದ ಯೋಸೆಫ್ ಆಲ್ಬರ್ಸ್ ವರ್ಣಗಳ ಪರಸ್ಪರ ಕ್ರಿಯೆಯನ್ನು ಕುರಿತ ತನ್ನ ಗ್ರಂಥವನ್ನು 1963ರಲ್ಲಿ ಪ್ರಕಟಿಸಿದ. ಈ ಇಬ್ಬರಲ್ಲಿ ನಮ್ಮ ಮಕ್ಕಳು ಯಾರನ್ನು ಹೆಚ್ಚು ನೆಚ್ಚಬೇಕು ಎಂಬುದು ನನ್ನ ಪ್ರಶ್ನೆ.

ಇಟ್ಟೆನ್ ಗುರುತಿಸಿದ ಏಳು ಬಗೆಯ ವೈದೃಶ್ಯಗಳು, ಉದಾಹರಣೆಗೆ ಬೆಳಕು-ಕತ್ತಲು, ಶೀತ-ಉಷ್ಣ, ಎದುರು ಬಣ್ಣಗಳ ಜೋಡಿ, ಇಂದಿಗೂ ಉಪಯುಕ್ತವೇ. ಆದರೆ ಅವನ ಮೂಲವರ್ಣಗಳು ಎಲ್ಲ ಕಡೆಗೂ ಸಲ್ಲುವಂಥವಲ್ಲ. ಅಚ್ಚುಕೂಟದ ಶಾಯಿಗೆ ಸಯಾನ್, ಮೆಜೆಂತಾ, ಹಳದಿಗಳು ಮೂಲ, ಜೊತೆಗೆ ಕಪ್ಪು. ಟೀವಿ ಪರದೆಗೆ ಕೆಂಪು, ಹಸಿರು, ನೀಲಿ. ಅಲ್ಲಿ ಕೆಂಪಿಗೆ ಹಸಿರು ಸೇರಿದರೆ ಹಳದಿ! ನಮ್ಮ ಆರತಿ ತಟ್ಟೆಯಲ್ಲಂತೂ ಅರಿಸಿನಕ್ಕೆ ಸುಣ್ಣ ಬೆರೆತರೆ ಕೆಂಪು. ಮಲಯಾಳದ 'ಗುರುತಿ'ಯೂ ಅದೇ. ಹಳದಿಗೆ ಬಿಳಿ ಸೇರಿದರೆ ತಿಳಿಹಳದಿ ಎನ್ನುವ ಚಿತ್ರಕಾರನ ಲೆಕ್ಕ ಈ ರಸಾಯನದ ಮುಂದೆ ನಿಲ್ಲುವುದಿಲ್ಲ. ಮೂಲ ಯಾವುದು ಎಂಬುದು ಕೈಯಲ್ಲಿರುವ ವಸ್ತುವನ್ನು ಅವಲಂಬಿಸಿದ ಮಾತು.

ಇನ್ನು ಬಣ್ಣಗಳ ಅರ್ಥ. ಚೌಕಕ್ಕೆ ಕೆಂಪು, ತ್ರಿಕೋನಕ್ಕೆ ಹಳದಿ, ವೃತ್ತಕ್ಕೆ ನೀಲಿ ಸಹಜವೆಂದು ಇಟ್ಟೆನ್ ನಂಬಿದ. ಇದು ನಂಬಿಕೆಯೇ ಹೊರತು ನಿಯಮವಲ್ಲ. ನಮ್ಮಲ್ಲೂ ನಾಟ್ಯಶಾಸ್ತ್ರ ರೌದ್ರಕ್ಕೆ ಕೆಂಪನ್ನೂ ವೀರಕ್ಕೆ ಗೌರವರ್ಣವನ್ನೂ ಹೇಳಿತು. ಆದರೆ ಕಥಕಳಿಯ ನಾಯಕನ ಮುಖ ಹಸಿರು. 'ಮನಯೋಲ' ಎಂಬ ಅರದಾಳದ ಹಳದಿಗೆ ನೀಲಿ ಬೆರೆಸಿ ಆ 'ಪಚ್ಚ'ವನ್ನು ತಯಾರಿಸುತ್ತಾರೆ. ಅದೇ ಹಸಿರು ಮುಖದ ಮೇಲೆ ಬಿಳಿ ಅಂಚಿನ ಕೆಂಪು ಗೆರೆ ಏರಿತೆಂದರೆ 'ಕತ್ತಿ' ವೇಷ, ರಾವಣನಂಥವರ ದರ್ಪ. ಹಸಿರು ಬದಲಾಗಲಿಲ್ಲ, ನೆರೆ ಬದಲಾಯಿತು.

ಆಲ್ಬರ್ಸ್ ಹೇಳಿದ್ದು ಇದನ್ನೇ. ಬಣ್ಣದ ಕಾಗದದ ತುಂಡುಗಳನ್ನು ಕೊಟ್ಟು, ಒಂದೇ ಬಣ್ಣವನ್ನು ಎರಡಾಗಿ ಕಾಣಿಸಿ ಎಂದು ಅವನು ಶಿಷ್ಯರನ್ನು ಕೇಳುತ್ತಿದ್ದ. ಅವನಿಗಿಂತ ಮೊದಲೇ ಪ್ಯಾರಿಸಿನ ಗೋಬ್ಲೆನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದ ಶೆವ್ರಲ್‌ನ ಬಳಿ ಕಪ್ಪು ನೂಲು ಕಳೆಗುಂದಿದೆ ಎಂಬ ದೂರು ಬಂದಿತ್ತು. ದೋಷ ಬಣ್ಣದಲ್ಲಿರಲಿಲ್ಲ, ಪಕ್ಕದ ನೀಲಿ, ನೇರಳೆ ನೂಲುಗಳಲ್ಲಿತ್ತು. 1839ರಲ್ಲಿ ಅವನು ಅದನ್ನು ನಿಯಮವಾಗಿ ಬರೆದ.

ಆದರೂ ಆಲ್ಬರ್ಸನ ಅಭ್ಯಾಸಗಳು ಸಮತಟ್ಟಾದ ಕಾಗದದವು. ನಮ್ಮ ತೆಂಕುತಿಟ್ಟಿನ 'ಬಣ್ಣದ ವೇಷ'ವನ್ನು ನೋಡಿ: ಅಕ್ಕಿಹಿಟ್ಟು ಸುಣ್ಣದ ಬಿಳಿ ಚಿಟ್ಟಿ, ಅದರ ನಡುವೆ ಉರಿಯುವ ಕೆಂಪು-ಕಪ್ಪು. ಇದು ದೊಂದಿಯ ಬೆಳಕಿನಲ್ಲಿ ಬೆಳೆದ ಕಲೆ. ಆ ಹಳದಿ ಬೆಳಕಿನಲ್ಲಿ ನೀಲಿ ಕಪ್ಪಿಗೆ ಇಳಿಯುತ್ತದೆ; ಕೆಂಪು, ಹಳದಿಗಳೇ ಎದ್ದು ನಿಲ್ಲುತ್ತವೆ. ತೆಯ್ಯಂನ ಕೆಂಪು ಕಾವಿನ ಹಸಿರಿನ ಮುಂದೆ ಪಡೆಯುವ ಪ್ರಖರತೆ ಕೆಂಪು ಪರದೆಯ ರಂಗಮಂದಿರದಲ್ಲಿ ಅರ್ಧಕ್ಕರ್ಧ ಸೋರಿಹೋಗುವುದನ್ನು ನಾನು ಗಮನಿಸಿದ್ದೇನೆ. ನೆರೆಯ ಜೊತೆಗೆ ಬೆಳಕನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದಕ್ಕೆ ಇದಕ್ಕಿಂತ ಪಾಠ ಬೇಡ.

ಇಷ್ಟನ್ನು ಹೇಳಲು ಕಾರಣವಿದೆ. ಗಿಳಿಹಸಿರಿನ ಪಕ್ಕ ಕೆಂಪನ್ನಿಟ್ಟ ವಿದ್ಯಾರ್ಥಿಗೆ 'ಇದು ಹಳ್ಳಿಯ ರುಚಿ' ಎನ್ನುವವರು ಇಂದೂ ಇದ್ದಾರೆ. ಈ ತೀರ್ಪು ಹಳೆಯದು. ಅನಾಗರಿಕರು, ಓದುಬರಹವಿಲ್ಲದವರು, ಮಕ್ಕಳು ಗಾಢ ಬಣ್ಣಗಳನ್ನು ಮೆಚ್ಚುತ್ತಾರೆ, ಸಂಸ್ಕಾರವಂತರು ಅವುಗಳಿಂದ ದೂರವಿರುತ್ತಾರೆ ಎಂಬ ಅಭಿಪ್ರಾಯವನ್ನು 1810ರಷ್ಟು ಹಿಂದೆಯೇ ಗಯಟೆ ತನ್ನ ವರ್ಣಸಿದ್ಧಾಂತದಲ್ಲಿ ದಾಖಲಿಸಿದ. ಅಷ್ಟು ಸೂಕ್ಷ್ಮವಾಗಿ ಬಣ್ಣವನ್ನು ನೋಡಿದ ಕವಿಯೂ ತನ್ನ ಊರಿನ ಅಭಿರುಚಿಯನ್ನು ಲೋಕದ ಅಳತೆಗೋಲಾಗಿ ಮಾಡಿಕೊಂಡ. ವರ್ಣಪಾಠದ ಜೊತೆ ಈ ತಾತ್ಸಾರವೂ ಮಕ್ಕಳಿಗೆ ದಾಟಿದರೆ, ಅವರು ಮೊದಲು ನಾಚಿಕೊಳ್ಳುವುದು ತಮ್ಮ ಮನೆಯ ಗೋಡೆಯನ್ನೂ ಅಜ್ಜಿಯ ಸೀರೆಯನ್ನೂ ಕಂಡು.

ಆದ್ದರಿಂದ ಚಕ್ರವನ್ನು ಕಲಿಯಲಿ. ಅದು ಒಳ್ಳೆಯ ಊರುಗೋಲು. ಆದರೆ ಬಣ್ಣವನ್ನು ಕಣ್ಣಿನಿಂದ ಪರೀಕ್ಷಿಸುವುದನ್ನು ಆಲ್ಬರ್ಸನಿಂದಲೂ, ಅದಕ್ಕೂ ಮೊದಲು ಮುಖವರ್ಣಿಕೆಯವರ ಪಕ್ಕದಲ್ಲಿ ಕುಳಿತೂ ಕಲಿಯಲಿ. ಕನ್ನಡದಲ್ಲಿ ಹಸಿಯಾದದ್ದೇ ಹಸಿರು, ಮಲಯಾಳದಲ್ಲಿ ಹಸಿಗೂ ಹಸಿರಿಗೂ 'ಪಚ್ಚ' ಒಂದೇ ಮಾತು. ಎರಡು ಭಾಷೆಯಲ್ಲೂ ಬಣ್ಣವನ್ನು ಹೀಗೆ ಬಲ್ಲ ಮಕ್ಕಳು ಬರಿಗೈಯಲ್ಲಿ ಆ ತರಗತಿಗೆ ಹೋಗುತ್ತಿಲ್ಲ ಎಂಬುದು ಅವರ ಅಧ್ಯಾಪಕರಿಗೂ ತಿಳಿದಿರಬೇಕು.