ದೋಷ ದೇಹದ್ದೋ, ದೃಷ್ಟಿಯದೋ?



‘ನ್ಯೂಡ್’ ಎಂಬ ಹೆಸರಿನ ಚಲಚ್ಚಿತ್ರವೊಂದರ ವಿಮರ್ಶೆಯನ್ನು ಮಠದ ಮಾಸಪತ್ರಿಕೆಯಲ್ಲಿ ಕಂಡು ತಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಅದು ಸಹಜವೇ ಸರಿ. ಆದರೆ ಕ್ಷಣಕಾಲ ಆಲೋಚಿಸಿ ನೋಡಿ. ಶ್ರವಣಬೆಳಗೊಳದ ಬೆಟ್ಟವನ್ನೇರಿ, ಸಾವಿರ ವರ್ಷಗಳಿಂದ ನಿರ್ವಾಣನಾಗಿ ನಿಂತ ಗೊಮ್ಮಟನಿಗೆ ಕೈಮುಗಿದು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಕೇಶವನ್ನೇ ಅಂಬರವಾಗಿಸಿಕೊಂಡ ಅಕ್ಕಮಹಾದೇವಿಯ ಭಾವಚಿತ್ರ ನಮ್ಮ ಮನೆಮನೆಗಳಲ್ಲಿದೆ. ಅಲ್ಲೆಲ್ಲ ಬಾಗುವ ನಮ್ಮ ತಲೆ, ಒಬ್ಬ ಬಡ ಹೆಂಗಸು ಹೊಟ್ಟೆಪಾಡಿಗಾಗಿ ಚಿತ್ರಕಲೆಯ ವಿದ್ಯಾರ್ಥಿಗಳೆದುರು ವಸ್ತ್ರ ಕಳಚಿ ಕುಳಿತಳೆಂದರೆ ಮಾತ್ರ ತಿರಸ್ಕಾರದಿಂದ ಅತ್ತ ತಿರುಗುವುದೇಕೆ? ಈ ಮರಾಠಿ ಚಿತ್ರ ನಮ್ಮ ಮುಂದಿಡುವ ಪ್ರಶ್ನೆ ಇದು.

ರವಿ ಜಾಧವ್ ಅವರು ನಿರ್ದೇಶಿಸಿದ ಈ ಚಿತ್ರದ ನಾಯಕಿ ಯಮುನಾ. ಗಂಡನ ದುರ್ನಡತೆಯಿಂದ ಬೇಸತ್ತು, ಮಗನನ್ನು ಕರೆದುಕೊಂಡು ಹಳ್ಳಿಯಿಂದ ಮುಂಬಯಿಗೆ ಬಂದು ಬಂಧುವಾದ ಚಂದ್ರಕ್ಕನ ಆಶ್ರಯ ಪಡೆಯುತ್ತಾಳೆ. ಕಲಾಶಾಲೆಯಲ್ಲಿ ಕಸ ಗುಡಿಸುತ್ತೇನೆಂದು ಹೇಳಿಕೊಳ್ಳುವ ಚಂದ್ರಕ್ಕ ಅಲ್ಲಿ ನಗ್ನ ರೂಪದರ್ಶಿಯಾಗಿ ಕುಳಿತುಕೊಳ್ಳುವುದು ಅವಳಿಗೆ ತಿಳಿಯುತ್ತದೆ. ಮೊದಲು ದಿಗಿಲುಬಿದ್ದ ಯಮುನಾ ಮುಂದೆ ಮಗನ ವಿದ್ಯಾಭ್ಯಾಸಕ್ಕಾಗಿ ತಾನೂ ಅದೇ ಕೆಲಸಕ್ಕೆ ನಿಲ್ಲುತ್ತಾಳೆ. ಮಗನಿಗೆ ಮಾತ್ರ ನಿಜವನ್ನು ಹೇಳಲಾರಳು.

2017ರಲ್ಲಿ ಗೋವೆಯ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವಕ್ಕೆ ತೀರ್ಪುಗಾರರು ಆರಿಸಿದ್ದ ಈ ಚಿತ್ರವನ್ನು ಕೇಂದ್ರ ಸರಕಾರದ ಸಚಿವಾಲಯ ಪಟ್ಟಿಯಿಂದ ಕೈಬಿಟ್ಟಿತು. ತೀರ್ಪುಗಾರರ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಮರುವರ್ಷ ಸೆನ್ಸಾರ್ ಮಂಡಳಿ ವಯಸ್ಕರಿಗೆಂದು ಅದಕ್ಕೆ ಅನುಮತಿಯಿತ್ತಿತು. 2018ರ ಏಪ್ರಿಲಿನಲ್ಲಿ ಚಿತ್ರ ತೆರೆಕಂಡಿತು.

ಈ ಉದ್ಯೋಗವೆಂದರೇನೆಂಬುದನ್ನು ತಿಳಿಯದೆ ತೀರ್ಪು ಕೊಡುವುದು ನ್ಯಾಯವಲ್ಲ. ಮುಂಬಯಿಯ ಸರ್ ಜೆ. ಜೆ. ಕಲಾಶಾಲೆ 1857ರಲ್ಲಿ ಸ್ಥಾಪಿತವಾದುದು. ಅಂತಹ ಶಾಲೆಗಳಲ್ಲಿ ಮನುಷ್ಯಾಕೃತಿಯನ್ನು ಪ್ರತ್ಯಕ್ಷ ನೋಡಿ ಬರೆಯುವುದು ಶಿಕ್ಷಣದ ಒಂದು ಅಂಗ. ಎಲುಬಿನ ಮೇಲೆ ಮಾಂಸಖಂಡ ಹೇಗೆ ಹಬ್ಬಿದೆ, ದೇಹದ ಭಾರ ಯಾವ ಕಾಲಿನ ಮೇಲೆ ನಿಂತಿದೆ, ಬೆನ್ನು ಬಾಗಿದಾಗ ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ವಿದ್ಯಾರ್ಥಿಯ ಕಣ್ಣು ಕಲಿಯಬೇಕು. ಅದನ್ನು ಕಲಿತ ಕೈಗೆ ಸೀರೆಯುಟ್ಟ ಮೂರ್ತಿಯನ್ನು ಬರೆಯುವುದೂ ಸುಲಭವಾಗುತ್ತದೆ. ಇದಕ್ಕಾಗಿ ರೂಪದರ್ಶಿ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಅಲುಗಾಡದೆ ಇರಬೇಕು. ಕೈಕಾಲು ಜೋಮು ಹಿಡಿದರೂ ತಾಳಿಕೊಳ್ಳಬೇಕು. ಇದು ಮೈಮುರಿವ ದುಡಿಮೆ. ಆದರೂ ಚಿತ್ರ ಬರೆದವನಿಗೆ ಬಹುಮಾನ, ಕೊಂಡವನಿಗೆ ರಸಿಕನೆಂಬ ಬಿರುದು. ಕುಳಿತವಳಿಗೆ ಮಾತ್ರ ಹೆಸರು ಹೇಳಿಕೊಳ್ಳುವುದಕ್ಕೂ ಅಂಜಿಕೆ.

ನಿರ್ದೇಶಕರ ಸಂಯಮ ಈ ಚಿತ್ರದ ದೊಡ್ಡ ಗುಣ. ನಗ್ನತೆಯೇ ವಸ್ತುವಾದರೂ ಕ್ಯಾಮೆರಾ ಎಲ್ಲಿಯೂ ಕದ್ದು ನೋಡುವುದಿಲ್ಲ. ಯಮುನೆಯ ಪಾತ್ರದಲ್ಲಿ ಕಲ್ಯಾಣಿ ಮುಳೆಯವರೂ ಚಂದ್ರಕ್ಕನ ಪಾತ್ರದಲ್ಲಿ ಛಾಯಾ ಕದಂ ಅವರೂ ನಾಚಿಕೆ, ಹಸಿವು, ಅಭಿಮಾನ ಮೂರನ್ನೂ ಒಂದೇ ಮುಖದಲ್ಲಿ ತೋರಬಲ್ಲರು.

ಇಷ್ಟು ಮೆಚ್ಚಿದ ಮೇಲೂ ಒಂದು ಆಕ್ಷೇಪವನ್ನು ಹೇಳದಿರಲಾರೆ. ಚಿತ್ರ ಯಮುನೆಗಾಗಿ ನಮ್ಮ ಮರುಕವನ್ನು ಪಡೆಯುವುದು ಅವಳು ತಾಯಿ ಎಂಬ ಕಾರಣದಿಂದ. ಮಗನಿಗಾಗಿ ತ್ಯಾಗ ಮಾಡಿದಳಲ್ಲಾ ಎಂದು ಪ್ರೇಕ್ಷಕ ಕಣ್ಣೊರಸಿಕೊಂಡು ಅವಳನ್ನು ಕ್ಷಮಿಸುತ್ತಾನೆ. ಕ್ಷಮಿಸಬೇಕಾದರೆ ತಪ್ಪೊಂದು ನಡೆದಿರಬೇಕಷ್ಟೆ? ಮಕ್ಕಳಿಲ್ಲದ ಹೆಂಗಸೊಬ್ಬಳು ತನ್ನ ಅನ್ನಕ್ಕಾಗಿ ಮಾತ್ರ ಈ ಕೆಲಸ ಮಾಡಿದ್ದರೆ ನಾವು ಅವಳನ್ನು ಗೌರವಿಸುತ್ತಿದ್ದೆವೆ? ಈ ಕಠಿಣ ಪ್ರಶ್ನೆಯ ಬಾಗಿಲವರೆಗೆ ಬಂದ ಚಿತ್ರ ಒಳಗೆ ಕಾಲಿಡದೆ ಹಿಂದಿರುಗುತ್ತದೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ನಡೆದಿದೆ. 1954ರಲ್ಲಿ ಅಕ್ಬರ್ ಪದಮ್‌ಸಿಯವರ ಚಿತ್ರಗಳು ಅಶ್ಲೀಲವೆಂದು ಮುಂಬಯಿಯಲ್ಲಿ ಮೊಕದ್ದಮೆ ನಡೆಯಿತು. ಕಲಾವಿದರು ನಿರ್ದೋಷಿಯೆಂದು ತೀರ್ಮಾನವಾಯಿತು. 70 ವರ್ಷಗಳ ಅನಂತರ, 2024ರಲ್ಲಿ, ಅವರ ಮತ್ತು ಎಫ್. ಎನ್. ಸೋಜಾರವರ ನಗ್ನರೇಖಾಚಿತ್ರಗಳನ್ನು ಸುಂಕದ ಅಧಿಕಾರಿಗಳು ತಡೆಹಿಡಿದಾಗ, ಬಿಟ್ಟುಕೊಡುವಂತೆ ಮುಂಬಯಿ ಉಚ್ಚ ನ್ಯಾಯಾಲಯ ಆಜ್ಞೆಮಾಡಿತು. ಆದರೆ ನ್ಯಾಯಾಲಯದ ಆಜ್ಞೆ ಚಿತ್ರಪಟವನ್ನು ಉಳಿಸೀತೇ ಹೊರತು ಓಣಿಯ ನಾಲಿಗೆಯನ್ನು ಕಟ್ಟಲಾರದು. ಆ ಕೆಲಸ ಸಮಾಜದ್ದು.

ಇಲ್ಲಿ ಒಂದು ವಿವೇಕವಿರಲಿ. ಅಕ್ಕನ ದಿಗಂಬರತ್ವವನ್ನೂ ಯಮುನೆಯ ಕೂಲಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲ. ಅದು ವೈರಾಗ್ಯದ ತುದಿ, ಇದು ಬಡತನದ ಅನಿವಾರ್ಯತೆ. ಆದರೆ ಕಲ್ಯಾಣದಲ್ಲಿ ಅಕ್ಕನನ್ನು ಪ್ರಶ್ನಿಸಿದ ಅಲ್ಲಮಪ್ರಭುಗಳು ಅವಳ ಉತ್ತರವನ್ನು ಕೇಳಿದರು, ಕೇಳಿ ತಲೆಬಾಗಿದರು ಎಂಬುದನ್ನು ಮರೆಯದಿರೋಣ. ನಾವು ರೂಪದರ್ಶಿಯನ್ನು ಪ್ರಶ್ನಿಸುತ್ತೇವೆ, ಉತ್ತರಕ್ಕೆ ಕಾಯುವುದಿಲ್ಲ. ಸಮಾಜ ಸೂಳೆಯೆಂದು ಕರೆದ ಸಂಕವ್ವೆಯ ಒಂದೇ ಒಂದು ವಚನ ನಮಗೆ ದೊರೆತಿದೆ. ಅದರ ಅಂಕಿತ ‘ನಿರ್ಲಜ್ಜೇಶ್ವರ’. ಲಜ್ಜೆಯ ಹೊರೆಯನ್ನು ಯಾರ ತಲೆಯ ಮೇಲೆ ಹೊರಿಸಲಾಗಿತ್ತೋ ಅವಳೇ ತನ್ನ ದೇವರನ್ನು ಲಜ್ಜೆಯಿಲ್ಲದವನೆಂದು ಕರೆದಳು. ಅವಳ ಮಾತನ್ನು ಶರಣಪರಂಪರೆ ಹೊರಗಿಡಲಿಲ್ಲ.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಹೇಳುವುದು ಸುಲಭ. ನಾಳೆ ದಾಸೋಹದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕುಳಿತ ಹೆಂಗಸು ತನ್ನ ಕೆಲಸ ಇಂತಹದೆಂದು ಅಂಜದೆ ಹೇಳಿದರೆ ತಾವು ಎಲೆಯನ್ನು ಅತ್ತ ಸರಿಸುವಿರೋ, ಇತ್ತ ಜರುಗಿ ಅವಳಿಗೆ ಜಾಗ ಕೊಡುವಿರೋ? ಚಿತ್ರವನ್ನು ನೋಡಿ ಬಂದ ಮೇಲೆ ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡೆ. ಉತ್ತರ ಥಟ್ಟನೆ ಬರಲಿಲ್ಲ. ಆದ್ದರಿಂದಲೇ ಇದನ್ನು ತಮ್ಮ ಮುಂದೆಯೂ ಇಟ್ಟಿದ್ದೇನೆ.